ನಿಂಬೆ ಗಿಡದ ಚಿಟ್ಟೆಗೆ ಹೊಸ ಚೀಟಿ

ಅಧ್ಯಕ್ಷ ಸ್ಥಾನದಲ್ಲಿರುವ ನಮ್ಮ ಸಂಗ್ರಹಾಲಯದ ನಿರ್ದೇಶಕರೇ, ಮಾತು ಮುಗಿಸಿ ಹಗುರಾಗಿ ಕುಳಿತಿರುವ ಅತಿಥಿಗಳೇ, ಹಿಂದಿನ ಸಾಲಿನಲ್ಲಿ ಆಗಲೇ ಆಕಳಿಸುತ್ತಿರುವ ಸಭಿಕರೇ,

ಮೂವತ್ತೊಂದು ವರ್ಷ ಚಿಟ್ಟೆಗಳ ಕೋಣೆಯಲ್ಲಿ ಚೀಟಿ ಬರೆದವಳು ನಾನು. ಹಿಡಿದ ಸ್ಥಳ, ದಿನಾಂಕ, ಹಿಡಿದವರು, ಷರಾ. ಹೆಬ್ಬೆರಳಿನ ಉಗುರಿನಷ್ಟು ಕಾಗದದಲ್ಲಿ ಇಷ್ಟೂ ಹಿಡಿಸಬೇಕು. ಇಂಥವಳಿಗೆ ಬೀಳ್ಕೊಡುಗೆಯ ದಿನ ಇಷ್ಟು ದೊಡ್ಡ ಮೈಕು ಕೊಟ್ಟಿದ್ದೀರಿ, ಅನುಭವಿಸಿ.

ನಮ್ಮದು ಎಂಥ ದೇಶ! ಹಿಮದಂಚಿನಲ್ಲಿ ಮೈತುಂಬ ರೋಮ ಹೊದ್ದ ಬಿಳಿ ಚಿಟ್ಟೆ, ಮರಳುಗಾಡಿನಲ್ಲಿ ಅಂಗಿಯ ಗುಂಡಿಗಿಂತ ಚಿಕ್ಕ ನೀಲಿ ಚಿಟ್ಟೆ, ಮಳೆಕಾಡಿನಲ್ಲಿ ಅಂಗೈ ಅಗಲದ್ದು. ಮಳೆಗಾಲದಲ್ಲಿ ರೆಕ್ಕೆ ತುಂಬ ಕಣ್ಣು ಬಿಡುವ ಚಿಟ್ಟೆಯೇ ಬೇಸಿಗೆಯಲ್ಲಿ ಒಣಗಿದ ಎಲೆಯ ವೇಷ ಹಾಕುತ್ತದೆ. ಇವನ್ನೆಲ್ಲ ಹಾರುವಾಗ ನಾನು ಕಂಡೆನೇ? ಇಲ್ಲ. ಕಂಡವರು ನನ್ನ ಗಂಡ. ಬಲೆ ಹೊತ್ತು ದೇಶ ಸುತ್ತಿ, ಸಿಕ್ಕಿದ್ದನ್ನು ತ್ರಿಕೋನದ ಪೊಟ್ಟಣದಲ್ಲಿ ಮಡಿಸಿ, ಮೇಲೆ ಪೆನ್ಸಿಲಿನಲ್ಲಿ ಊರು ಬರೆದು ಅಂಚೆಗೆ ಹಾಕುತ್ತಿದ್ದರು. ನಾನು ಬಿಚ್ಚುತ್ತಿದ್ದೆ. ನಮ್ಮ ಸಂಸಾರ ಬಹುಪಾಲು ನಡೆದದ್ದು ಹೀಗೆಯೇ.

ಒಂದು ಸಲ ಅವರು ಉತ್ತರದ ಚಳಿ ಕಣಿವೆಗೆ ಹೊರಟು ನಿಂತಾಗ ಮಗಳಿಗೆ ಜ್ವರ. "ಚಿಟ್ಟೆನೇ ಹೆಚ್ಚಾದ್ರೆ ಅಲ್ಲೇ ಇದ್ಬಿಡಿ. ಈ ಬಾಗಿಲಿಗೆ ಮತ್ತೆ ಬರ್ಬೇಡಿ" ಎಂದೆ. ಹೋದರು. ಐದು ತಿಂಗಳ ಮೇಲೆ ಕಣಿವೆಯಿಂದ ಒಂದು ಕಟ್ಟು ಬಂತು. ಅದರಲ್ಲಿ ಒಂದು ಪೊಟ್ಟಣದ ಮೇಲೆ ಮಾತ್ರ ಊರಿರಲಿಲ್ಲ. ಒಳಗೆ ನಿಂಬೆ ಗಿಡದ ಚಿಟ್ಟೆ, ಬೆಚ್ಚಗಿನ ಊರುಗಳ ಹಿತ್ತಿಲಲ್ಲಿ ಹಾರಾಡುವ ಬಡಪಾಯಿ. ಪೊಟ್ಟಣದ ಕಾಗದ ನಮ್ಮ ಮಗಳ ಲೆಕ್ಕದ ಪುಸ್ತಕದ್ದು. ಏಳರ ಮಗ್ಗಿ, ಅವಳದೇ ತಪ್ಪುಗಳು.

ಮಗಳನ್ನು ಕೇಳಿದೆ. "ಅಪ್ಪ ಹಿಂದಿನ ಬೇಲಿ ಹತ್ರ ಬಂದಿದ್ರು. ತುಂಬಾ ಹೊತ್ತು ನಿಂತಿದ್ರು. ಒಂದು ಚಿಟ್ಟೆ ಹಿಡಿದು ನನ್ನ ಪುಸ್ತಕದ ಹಾಳೇಲಿ ಮಡಿಸ್ಕೊಂಡ್ರು. ಅಮ್ಮಂಗೆ ಹೇಳ್ಬೇಡ ಅಂದ್ರು" ಎಂದಳು.

ಅಷ್ಟು ದೂರ ಬಂದ ಮನುಷ್ಯ ಇನ್ನು ಹತ್ತು ಹೆಜ್ಜೆ ಬರಲಿಲ್ಲವಲ್ಲ! ಊರಿನ ಜಾಗ ಖಾಲಿ ಬಿಟ್ಟದ್ದು ಮರೆವಲ್ಲ, ನೀನೇ ಬರೆ ಎಂದು, ಅದು ನನಗೆ ತಿಳಿಯಿತು. ತಿಳಿದದ್ದಕ್ಕೇ ಉರಿಯಿತು. ಬಂದದ್ದನ್ನು ಮುಚ್ಚಿಟ್ಟವರು ಬಂದೇ ಇಲ್ಲ ಎಂದಾಗಲಿ ಎಂಬ ಹಟ. ಚೀಟಿಯಲ್ಲಿ ಸ್ಥಳದ ಮುಂದೆ "ಉತ್ತರದ ಕಣಿವೆ" ಎಂದು ಬರೆದೆ.

ಮರುತಿಂಗಳು "ಬನ್ನಿ" ಎಂದು ನಾನೇ ಕಾಗದ ಹಾಕಿದೆ, ಬಂದರು. ಅಷ್ಟರಲ್ಲಿ ಆ ಚೀಟಿಗೆ ಕಾಲು ಬಂದಿತ್ತು. ಚಳಿ ಕಣಿವೆಯಲ್ಲಿ ನಿಂಬೆ ಚಿಟ್ಟೆ! ನನ್ನ ಗಂಡನಿಗೆ ಹೆಸರು ಬಂತು, ಪದಕ ಬಂತು. ಯಾರಾದರೂ ಹೊಗಳಿದಾಗಲೆಲ್ಲ ಅವರು ನೆಲ ನೋಡುತ್ತಿದ್ದರು. ನಿಜ ಹೇಳಬೇಕೆಂದರೆ ಅವರು ಬಂದು ಹಿಂದಿರುಗಿದ್ದನ್ನು ಹೇಳಬೇಕು, ನಾನು ತಿಳಿದೂ ತಿಳಿದೂ ಬರೆದದ್ದನ್ನು ಹೇಳಬೇಕು. ಇಬ್ಬರೂ ಬಾಯಿ ಬಿಡಲಿಲ್ಲ. ಹೋದ ವರ್ಷ ಅವರು ತೀರಿಕೊಂಡರು.

ನಾಳೆ ದೇಶದ ಚಿಟ್ಟೆಗಳ ನಕ್ಷೆ ಅಚ್ಚಿಗೆ ಹೋಗುತ್ತದೆ. ಆ ಕಣಿವೆಯಲ್ಲಿ ನಿಂಬೆ ಚಿಟ್ಟೆಗೆ ಅವರ ಹೆಸರಿನ ಒಂದೇ ಒಂದು ಚುಕ್ಕೆ. ಅದನ್ನು ನಂಬಿ ಹುಡುಕಲು ಹೋಗಿ ಜಾರಿಬಿದ್ದ ಸಂಶೋಧಕಿ ಇಲ್ಲೇ ಮುಂದಿನ ಸಾಲಿನಲ್ಲಿ ಕಾಲಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಾಳೆ. ತಾಯಿ, ಅಲ್ಲಿ ಅದು ಇಲ್ಲ. ನಿನ್ನ ಕಾಲಿನ ಪಾಪ ನನ್ನದು. ನಿರ್ದೇಶಕರೇ, ಆ ಚುಕ್ಕೆ ಅಳಿಸಿ. ಅವರ ಹೆಸರು ಹೋಗುತ್ತದೆ, ಆದರೂ ಅಳಿಸಿ.

ಹೊಸ ಚೀಟಿ ಬರೆದು ತಂದಿದ್ದೇನೆ, ಇದೇ ನನ್ನ ಕೊನೆಯದು. ಓದುತ್ತೇನೆ. ಸ್ಥಳ: ನಮ್ಮ ಮನೆಯ ಹಿಂದಿನ ಬೇಲಿ. ಹಿಡಿದವರು: ನನ್ನ ಗಂಡ. ಷರಾ: ಅಂದು ಬಾಗಿಲಿಗೆ ಚಿಲಕ ಹಾಕಿರಲಿಲ್ಲ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ನಾನು ಋಣಿ. ನಮಸ್ಕಾರ.