ಅಂಟಿನ ತಪ್ಪಲ್ಲ

…ಹಾಗಾಗಿ ತಪ್ಪು ಅಂಟಿನದಲ್ಲ ಎಂದು ನಿನ್ನೆ ಊಟದ ಬಿಡುವಿನಲ್ಲಿ ಹೇಳುತ್ತಿದ್ದೆ, ಅಷ್ಟರಲ್ಲಿ ಗಂಟೆ ಹೊಡೆಯಿತು. ಉಳಿದದ್ದನ್ನು ಈಗ ಹೇಳುತ್ತೇನೆ. ಮಾನ್ಯ ಅಧ್ಯಕ್ಷರೇ, ಮಾಲೀಕರೇ, ನನ್ನನ್ನು ಮನೆಗೆ ಕಳಿಸಲು ಇಷ್ಟು ಉತ್ಸಾಹದಿಂದ ಸೇರಿರುವ ಸಭಿಕರೇ,

ಮೂವತ್ತೇಳು ವರ್ಷ ಈ ಪ್ರೆಸ್ಸಿನ ಬೈಂಡಿಂಗ್ ವಿಭಾಗದಲ್ಲಿ ಪುಸ್ತಕ ಹೊಲಿದೆ. ನನ್ನ ಗುಣಗಾನವನ್ನು ಈಗಾಗಲೇ ಮೂವರು ಮಾಡಿದ್ದಾರೆ. ಅರ್ಧ ಸುಳ್ಳು, ಇನ್ನರ್ಧ ಉತ್ಪ್ರೇಕ್ಷೆ. ಅದು ಬಿಡಿ. ನನ್ನ ಮಾತಿರುವುದು ಹೊಲಿಗೆ ಮೇಜಿನ ನಮ್ಮ ಹುಡುಗಿಯ ಬಗ್ಗೆ. ವಯಸ್ಸು ಇಪ್ಪತ್ತಮೂರು. ರುಮಟಾಯ್ಡ್ ಆರ್ಥ್ರೈಟಿಸ್, ಅದೇ ಕೀಲುಗಳು ಊದಿ ಬಿಗಿಯುವ ಕಾಯಿಲೆ, ಎಂದು ಹೋದ ವಾರ ವರದಿ ಬಂತು, ನಿಮಗೆಲ್ಲ ಅವಳೇ ಹೇಳಿದ್ದಾಳೆ. ಔಷಧಿಯ ಚೀಟಿ ಅವಳ ಚೀಲದಲ್ಲೇ ಇದೆ, ರಾಜೀನಾಮೆ ಮಾತ್ರ ಮಾಲೀಕರ ಮೇಜಿಗೆ ಬಂದಿದೆ. ರಾಜೀನಾಮೆ ಕೊಟ್ಟರೆ ಊತ ಇಳಿಯುತ್ತದೆಯೇ? ದಯವಿಟ್ಟು ಯಾರೂ ಹಿಂದಿನ ಸಾಲಿನ ಕಡೆ ತಿರುಗಬೇಡಿ, ನಾಚಿಕೊಳ್ಳುತ್ತಾಳೆ.

ನಾನು ಕೆಲಸಕ್ಕೆ ಸೇರಿದ ಮರುವರ್ಷ, ಇಪ್ಪತ್ತನಾಲ್ಕನೇ ವಯಸ್ಸಿಗೆ, ನನಗೂ ಇದೇ ಕಾಯಿಲೆ. ಬೆಳಿಗ್ಗೆ ಎದ್ದರೆ ಎರಡು ಕೈಯ ಬೆರಳೂ ಮಡಚಲು ಬಾರವು. ಅಂಟಿನ ಕೆಲಸದವನಿಗೆ ಬೆರಳು ಬಿಗಿದರೆ ಅನುಮಾನ ಯಾರ ಮೇಲೆ? ಅಂಟಿನ ಮೇಲೆ! “ಹೊಸ ಸರಕು ಕಣೋ, ಬಿಸಿನೀರಲ್ಲಿ ಅದ್ದು, ಬಿಡುತ್ತೆ” ಅಂದರು ಮೇಸ್ತ್ರಿ. ಕುಂಚ ನೆನೆಹಾಕುವ ಬಕೆಟ್ಟಿನಲ್ಲೇ ಏಳು ತಿಂಗಳು ಕೈಯನ್ನೂ ನೆನೆಹಾಕಿದೆ. ಅಂಟು ಮಾರುವವನ ಜೊತೆ ಜಗಳವನ್ನೂ ಆಡಿದೆ. ಕೊನೆಗೆ ಕಾಲಿನ ಬೆರಳುಗಳೂ ಊದಿದವು. ಕಾಲಿನಲ್ಲಿ ಯಾರಾದರೂ ಬೈಂಡಿಂಗ್ ಮಾಡುತ್ತಾರೆಯೇ? ಆಗ ಹೋದೆ ಡಾಕ್ಟರ ಹತ್ತಿರ.

“ಇದು ಮುದುಕರಿಗೆ ಬರೋದಲ್ವಾ ಸಾರ್?”

“ಅದು ಬರುವಾಗ ವಯಸ್ಸು ಕೇಳಲ್ಲಪ್ಪಾ. ತಡ ಮಾಡಿ ಬಂದವನು ನೀನು.”

ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಹೇಳುತ್ತಿದ್ದರು, ಎ ಸ್ಟಿಚ್ ಇನ್ ಟೈಮ್ ಸೇವ್ಸ್… ಹೊತ್ತಿಗೆ ಸರಿಯಾಗಿ ಹಾಕಿದ ಒಂದು ಹೊಲಿಗೆ ಏಳನ್ನೋ, ಒಂಬತ್ತನ್ನೋ ಉಳಿಸುತ್ತದೆ ಅಂತ. ನನ್ನ ಎರಡು ಬೆರಳಂತೂ ಉಳಿಯಲಿಲ್ಲ, ಸೊಟ್ಟಗೇ ನಿಂತುಬಿಟ್ಟವು.

ಆಗಷ್ಟೇ ಮದುವೆ ನಿಶ್ಚಯವಾಗಿತ್ತು. ಬೇಡವೆಂದು ಹೇಳಲು ಹೋದೆ. ನನ್ನಾಕೆ, ಅಂದರೆ ಆಗಿನ್ನೂ ಆಗಿರಲಿಲ್ಲ, “ಸದ್ಯ, ಡಬ್ಬಿ ಮುಚ್ಚಳ ತೆಗೆಯೋಕಾದ್ರೂ ನಾನು ಬೇಕಾಗ್ತೀನಲ್ಲ” ಅಂದಳು. ಮೂವತ್ತೊಂದು ವರ್ಷ ತೆಗೆದುಕೊಟ್ಟಳು. ಈಗ ಮನೆಯಲ್ಲಿ ಯಾವ ಮುಚ್ಚಳವನ್ನೂ ನಾನು ಬಿಗಿಯಾಗಿ ಹಾಕುವುದಿಲ್ಲ. ಸಕ್ಕರೆಗೆ ಇರುವೆ. ಇರಲಿ. ಎಲ್ಲಿದ್ದೆ?

ಹಾಂ. ಮೇಸ್ತ್ರಿ ನನ್ನ ದಬ್ಬಳದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಟ್ಟರು. ಎಂಟಕ್ಕೆ ಬೇಡ, ಹತ್ತಕ್ಕೆ ಬಾ ಅಂದರು. ಅಷ್ಟರಿಂದಲೇ, ಮಾತ್ರೆ ನುಂಗುತ್ತಾ, ಕೆಲವು ದಿನ ಎಲ್ಲರನ್ನೂ ಬೈಯುತ್ತಾ, ಇಲ್ಲಿಯವರೆಗೆ ಬಂದೆ. ಮಾಲೀಕರೇ, ಅವಳಿಗೂ ಅಷ್ಟು ಮಾಡಲಾಗದೇ? ಇವತ್ತಿನ ಔಷಧಿ ನನ್ನ ಕಾಲದ್ದಕ್ಕಿಂತ ಎಷ್ಟೋ ಮೇಲು.

ಮಗಳೇ, ಆಸ್ಪತ್ರೆಯ ದಾರಿ ನನಗೆ ಬಾಯಿಪಾಠ. ನಾಳೆ ಗೇಟಿನ ಹತ್ತಿರ ನಿಂತಿರುತ್ತೇನೆ. ಬೆರಳು ಸಡಿಲವಾಗುವ ತನಕ ಕಾದು ನಿಧಾನವಾಗಿ ಬಾ. ಬರುತ್ತೀಯಾ?

ಅಯ್ಯೋ, ಕಿಟಕಿಯ ಬೆಳಕು ಹೋಗುತ್ತಿದೆ, ನನಗೆ ಹಿಂದಿನ ಸಾಲೇ ಕಾಣುತ್ತಿಲ್ಲ. ತಲೆಯಾಡಿಸಿದರೆ ತಿಳಿಯದಮ್ಮಾ. ಬಾಯಿಬಿಟ್ಟು ಹೇಳು.

…ಸರಿ. ಕೇಳಿಸಿತು.

ಇನ್ನು ಆ ಶಾಲು ಹೊದಿಸುವುದಿದ್ದರೆ ಬೇಗ ಹೊದಿಸಿ. ಇಷ್ಟು ಹೊತ್ತು ಸಹಿಸಿಕೊಂಡ ನಿಮ್ಮೆಲ್ಲರಿಗೂ ಧನ್ಯವಾದ, ನಮಸ್ಕಾರ.