ಪ್ರಹ್ಲಾದ ತಿಕ್ಕಿದ ಏರು

ಬರ್ರೋ, ಕೌದಿ ಹೊಚ್ಚಕೊಂಡು ಒತ್ತಿ ಕುಂಡ್ರಿ. ದೀಪ ಸಣ್ಣ ಮಾಡ್ರಿ... ಇದು ನಮ್ಮ ಕುಂಭಾರಿಯೊಳಗ, ನಮ್ಮಕ್ಕನ ಮಗ ಪ್ರಹ್ಲಾದನ ಮ್ಯಾಲೆ ಬಂದದ್ದು. ಎಪ್ಪತ್ನಾಲ್ಕನೇ ಇಸವಿ.

ಅಂವ ಸೊಲ್ಲಾಪುರದಾಗ ಕರೆಂಟಿನ ಆಫೀಸಿನ್ಯಾಗ ನಕಾಶಿ ಬರ್ಯಾಂವ. ನಮ್ಮೂರ ಬಾವಿ ಬಾಜೂಕ ಕರೆಂಟಿನ ಡೀಪಿ, ಅಂದ್ರ ಟ್ರಾನ್ಸ್‌ಫಾರ್ಮರ್, ಕುಂಡ್ರಸೋದಿತ್ತು. ತಂತಿ ಹರದ್ರ ಮಣ್ಣಾಗ ಎಲ್ಲಿ ಎಷ್ಟು ಕರೆಂಟ ಹರೀತದ ಅಂತ, ಪುಣೆದ ಲೆಕ್ಕದ ಮಷೀನು ಮೊದಲ ಎಣಿಸಿ ಕಳಿಸಿತ್ತು. ಅದನ್ನ ಚೌಕಳಿ ಕಾಗದದ ಮ್ಯಾಲೆ ಗೆರಿ ಮಾಡೋದು ಇವನ ಕೆಲಸ. ಬಾವಿ ಮೆಟ್ಟಲ ಇದ್ದಲ್ಲಿ ಗೆರಿ ಸೂಜಿಯಂಗ ಎದ್ದು ನಿಂತಿತು. "ಮಷೀನ ತಪ್ಪಿ ಎಣಿಸೇದ, ಇಲ್ಲಿ ಏರು ಇರಬಾರದು," ಅಂದ. ರಬ್ಬರ ತಿಕ್ಕಿದ, ನುಣ್ಣಗ ಮಾಡಿದ. ಮತ್ತೊಂದು... ಉಗುರಿನಷ್ಟು ಜಾಗಾಕ್ಕ ಇಷ್ಟು ಅಂತ ಮಷೀನ ಹೇಳಿದ್ದನ್ನ, ಮಲಗೋ ಹೊರಸಿನಷ್ಟು ಜಾಗಾಕ್ಕ ಇಷ್ಟು ಅಂತ ಬರದ. ಒಂದು ಮುಷ್ಟಿ ಖಾರ ಹೊರಸಿಗೆಲ್ಲ ಚೆಲ್ಲಿದ್ರ ಬ್ಯಾರೆ, ಕಣ್ಣಾಗ ಬಿದ್ರ ಬ್ಯಾರೆ, ಹೌದಲ್ಲೋ?

ಡೀಪಿ ಬಂತು. ನೀರ ಸೇದೋ ಬಂಡೆಪ್ಪ ಪ್ರಹ್ಲಾದನ್ನ ಕೇಳಿದ, "ಸಾಹೇಬ್ರ, ಈ ಮೆಟ್ಟಲಕ್ಕ ಕಾಲ ಇಡಬೇಕೋ ಬ್ಯಾಡೋ?"

"ಇಡೋ ಮಾರಾಯಾ. ನಕಾಶಿ ನಾನ ಬರದೀನಿ."

ಮುಂಗಾರಿನ ಮಿರಗದ ಮಳಿಗೆ ತಂತಿ ಹರೀತು. ಚಟ್... ಚಟ್ಟ್! ಬಂಡೆಪ್ಪನ ಕಾಲು ಕಲ್ಲಿಗೆ ಅಂಟಿ ಕರಕಾತು. ಹೆಣ ಎತ್ತಿದ್ರ ಹಿಮ್ಮಡ ಕಲ್ಲಿಗೇ ಉಳೀತು.

ಹದಿನೈದು ದಿನದ ಮ್ಯಾಲೆ, ಅಕ್ಕಲಕೋಟಿಗೆ ಹೋಗೋ ಕಡೀ ಬಸ್ಸು ಇಳದು ಪ್ರಹ್ಲಾದ ಮನಿಗೆ ಹೊಂಟಿದ್ದ. ಬಾವಿ ಹತ್ರ ಸಪ್ಪಳ... ಸರ್ಕ್... ಸರ್ಕ್... ಕಾಗದಕ್ಕ ರಬ್ಬರ ತಿಕ್ಕಿದಂಗ.

ಮೆಟ್ಟಲದಾಗ ಒಬ್ಬ ಕುಂತು ಮಾರಿ ಕಲ್ಲಿಗೆ ತಿಕ್ಕಾಕತ್ತಿದ್ದ. ತಿರುಗಿದ. ಮೂಗಿಲ್ಲ, ತುಟಿಯಿಲ್ಲ... ಗುಂಡಕಲ್ಲಿನಂಗ ನುಣ್ಣಗ. ದನಿ ಮಾತ್ರ ಬಂಡೆಪ್ಪಂದ.

"ಬರ್ರಿ ಸಾಹೇಬ್ರ... ಏರು ಇರಬಾರದಂತಲ್ರಿ. ನಂದೂ ತಿಕ್ಕೀನಿ, ನೋಡ್ರಿ."

"ಬಿಡೋ ಬಂಡೆಪ್ಪ..."

"ಒಂದ ಮಾತು ಕೇಳ್ತೀನ್ರಿ. ಮಷೀನ ಹೇಳಿದ ಕರೆಂಟ ಎಷ್ಟು ಜಾಗಾಕ್ರಿ?"

"ಹೊ... ಹೊರಸಿನಷ್ಟು."

ಪ್ರಹ್ಲಾದನ ಬರ್ಯೋ ಕೈ ಅದು ಗಪ್ಪನ ಹಿಡೀತು. ಕಲ್ಲಿಗೆ ಒತ್ತಿ ತಿಕ್ಕಿತು. ಸರ್ಕ್... ತೊಗಲು ಹೋತು. ಸರ್ಕ್... ಉಗುರು. ಎಲುವು ಕರಕರ ಅಂತು.

"ಎಷ್ಟ್ರಿ?"

"ಉಗುರಿನಷ್ಟೋ ಯಪ್ಪಾ! ಉಗುರಿನಷ್ಟು! ನಾನ ತಪ್ಪ ಬರದೀನಿ!"

ಕೈ ಬಿಡ್ತು.

ಮುಂಜಾನಿ ಕೈಗೆ ಧೋತರ ಸುತ್ತಗೊಂಡು ಪ್ರಹ್ಲಾದ ಆಫೀಸಿಗೆ ಹೋದ, ಎಲ್ಲಾ ಒಪ್ಪಿಕೊಂಡ. ಡೀಪಿ ಊರ ಹೊರಗ ಹೋತು. ಇವನ ನೌಕರಿನೂ ಹೋತು. ಕಂದಲಗಾಂವದಾಗ ಕಿರಾಣಿ ಅಂಗಡಿ ಹಾಕಿ, ಎಡಗೈಲೆ ತಕ್ಕಡಿ ಹಿಡದು ಮುದುಕಾದ. ಬಂಡೆಪ್ಪನ ಹೆಂಡತಿ ತುಳಜಾಬಾಯಿಗೆ ಅದ ಆಫೀಸಿನ್ಯಾಗ ನೀರ ಕೊಡೋ ಕೆಲಸ ಸಿಕ್ತು. ಬಂಡೆಪ್ಪ ಮತ್ತ ಯಾರಿಗೂ ಕಾಣಲಿಲ್ಲ. ಪ್ರಹ್ಲಾದನ ಬೆರಳಿಗೆ ಉಗುರು ಮತ್ತ ಬರಲಿಲ್ಲ.

ಸುಳ್ಳಲ್ರೋ. ಮುಂಜಾನೆದ್ದು ಆ ಮೆಟ್ಟಲ ಉಡಗಿದಾಕಿ ನಾನ. ರಕ್ತ ಒಂದು ಹನಿ ಇರಲಿಲ್ಲ... ಕಸಾ ಎತ್ತೋ ಮೊರಾ ತುಂಬಿದ್ದು ಬರೇ ರಬ್ಬರಿನ ಪುಡಿ.