ಕೂ ಮುಟ್ಟಲಿಲ್ಲ

೧೯೮೬, ಹೊನ್ನಾವರದ ಹೊಳೆದಂಡೆ. ಹೊಳೆ ದಾಟಿಸುವ ತಾರಿದೋಣಿ ಆಚೆ ದಡದಲ್ಲಿತ್ತು. ನನ್ನ ಪಕ್ಕದಲ್ಲಿ, ದೊಡ್ಡಾಸ್ಪತ್ರೆಯಿಂದ ಹೆತ್ತ ಮಗುವನ್ನು ಕಳೆದುಕೊಂಡು ಮರಳುತ್ತಿದ್ದ ಗಂಡ ಹೆಂಡತಿ ಕೂತಿದ್ದರು.

"ಗ್ರಹಣದ ದಿನ ನಾ ಮೀನು ಕೊಯ್ದಿದ್ದೆ. ಅದ್ಕೇ ಹೀಂಗಾತಾ?"

"ಅಲ್ಲ ಮಾದೇವಿ. ಕಿಡ್ನಿ ಬೆಳೀಲೇ ಇಲ್ಲ ಅಂದ್ರಲ್ಲ ಡಾಕ್ಟ್ರು."

"ಎಂತಕ್ಕೆ ಬೆಳೀಲಿಲ್ಲ?"

"ಬಸುರಲ್ಲಿ ಎಂತದೋ ರಸ ಇರ್ತದಂತೆ. ತಾರಿಯವ್ನಿಗೆ ನಾವು ಕೂ ಹಾಕ್ದಂಗೆ ಅದು ಕರೀತದೆ, ಆಗ ಒಂದೊಂದೇ ಅಂಗ ಬೆಳೀತದೆ. ನರಕ್ಕೊಂದು ರಸ, ಕಿಡ್ನಿಗೊಂದು. ಕಿಡ್ನಿಗೆ ಕೂ ಮುಟ್ಟಲಿಲ್ಲ."

"ನರಕ್ಕೆ?"

"ನರ ಎಲ್ಲಾ ಸರೀ ಬೆಳ್ದಿತ್ತಂತೆ."

"ಹಂಗಾರೆ ಆಸ್ಪತ್ರೇಲಿ ಸೂಜಿ ಚುಚ್ಚಿದ್ದೆಲ್ಲ ಮಗೂಗೆ ಗೊತ್ತಾಗಿದೆ."

ಗಂಡ ಎದ್ದು, ಬಾಯಿಗೆ ಕೈ ಅಡ್ಡ ಹಿಡಿದು ಕೂ ಹಾಕಿದ. ಒಂದೇ ಕೂಗಿಗೆ ದೋಣಿ ಬಂತು. ಇಬ್ಬರೂ ಹತ್ತಿ ಹೋದರು.